ಪೆಟ್ರೋಲಿಗೆ ಎಣ್ಣೆಯ ಹದ

ಯೆಜ್ಡಿ, ಲೂನಾ, ಬಜಾಜ್ ಸ್ಕೂಟರುಗಳ ಕಾಲದಲ್ಲಿ ಗಾಡಿ ಓಡಿಸಿದವರಿಗೆ ಬಂಕಿನ ಹುಡುಗನ ಪ್ರಶ್ನೆ ನೆನಪಿರಬೇಕು: ‘ಆಯಿಲ್ ಎಷ್ಟು ಹಾಕ್ಲಿ ಸಾರ್?’ ಪುಟ್ಟ ಅಳತೆಯಲ್ಲಿ 2ಟಿ ಆಯಿಲ್ ಟ್ಯಾಂಕಿಗೆ ಬೀಳುತ್ತಿತ್ತು, ಅದರ ಮೇಲೆ ಪೆಟ್ರೋಲ್. ಯೆಜ್ಡಿ ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಫೋರ್ ಸ್ಟ್ರೋಕ್ ಬೈಕುಗಳು ಬಂದವು. ಹುಡುಗನ ಪ್ರಶ್ನೆಯೂ ರಸ್ತೆ ಬಿಟ್ಟು ಹೋಯಿತು.

ಆದರೆ ಹಳೆಯ ದೋಣಿ ಮೋಟರುಗಳನ್ನು ಜೋಪಾನ ಮಾಡಿಕೊಂಡು ಬಂದವರಿಗೆ ಇಂದಿಗೂ ಅದೇ ಮೊದಲ ಪ್ರಶ್ನೆ. ಎಣ್ಣೆ ಎಷ್ಟು, ಎಂಥದು, ಹೇಗೆ ಬೆರೆಸಬೇಕು ಎಂಬುದು ಅಲ್ಲಿ ಒಂದು ಕಸುಬೇ ಆಗಿದೆ.

ಹಲಗೆಗೆ ಕಚ್ಚಿಕೊಂಡ ಎಂಜಿನ್

ದೋಣಿಯ ಹಿಂಬದಿಯ ಹಲಗೆಗೆ ಸ್ಕ್ರೂ ಬಿಗಿದು ನಿಲ್ಲಿಸುವ ಮೋಟರಿಗೆ ಔಟ್‌ಬೋರ್ಡ್ ಎನ್ನುತ್ತಾರೆ. ಮೇಲೆ ಎಂಜಿನ್, ಕೆಳಗೆ ನೀರಿನೊಳಗೆ ಪ್ರೊಪೆಲ್ಲರ್, ನಡುವೆ ಉದ್ದನೆಯ ಶಾಫ್ಟ್. ನಾರ್ವೆಯಲ್ಲಿ ಹುಟ್ಟಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಬೆಳೆದ ಓಲೆ ಎವಿನ್‌ರೂಡ್ 1909ರಲ್ಲಿ ಮಾರಾಟಕ್ಕೆ ತಂದ ಮೋಟರಿನಿಂದ ಇದು ಜನಸಾಮಾನ್ಯರ ಕೈಗೆ ಬಂತು. ಅದರದು ಒಂದೂವರೆ ಅಶ್ವಶಕ್ತಿ, ತೂಕ ಸುಮಾರು 28 ಕಿಲೋ. ಪ್ರೇಯಸಿ ಬೆಸ್‌ಗಾಗಿ ಸರೋವರದ ಆಚೆ ದಡದಿಂದ ಐಸ್‌ಕ್ರೀಂ ತರಲು ಹುಟ್ಟು ಹಾಕಿ ಸುಸ್ತಾದಾಗಲೇ ಅವರಿಗೆ ಈ ಯೋಚನೆ ಹೊಳೆಯಿತು ಎಂಬ ಕಥೆ ಇವತ್ತಿಗೂ ಚಾಲ್ತಿಯಲ್ಲಿದೆ. 1920ರ ದಶಕದಲ್ಲಿ ಜಾನ್ಸನ್ ಸಹೋದರರು ಇನ್ನೂ ಹಗುರವಾದ ಮೋಟರು ಮಾಡಿದರು. ಬ್ರಿಟನ್ನಿನ ಪೂಲ್ ಬಂದರಿನಿಂದ ಸೀಗಲ್ ಬಂತು. ಅದರ ಬಯಲಿಗೇ ಇರುವ ಫ್ಲೈವೀಲಿಗೆ ಹಗ್ಗ ಸುತ್ತಿ ಎಳೆದರೆ ಎಂಜಿನ್ ಸ್ಟಾರ್ಟ್. ಎವಿನ್‌ರೂಡ್ ಹೆಸರಿನ ಮೋಟರುಗಳ ತಯಾರಿಕೆ 2020ರಲ್ಲಿ ನಿಂತಿತು. ಸೀಗಲ್ ಅದಕ್ಕೂ ಮೊದಲೇ ನಿಂತಿತ್ತು. ಹಾಗಿದ್ದರೂ ಅರವತ್ತು, ಎಪ್ಪತ್ತು ವರ್ಷದ ಮೋಟರುಗಳು ಇಂದಿಗೂ ಓಡುತ್ತಿವೆ.

ಎಣ್ಣೆಗೆ ಬೇರೆ ಮನೆ ಇಲ್ಲ

ಕಾರಿನ ಎಂಜಿನ್ನಿನ ಅಡಿಯಲ್ಲಿ ಆಯಿಲ್ ತುಂಬಿದ ತೊಟ್ಟಿಯೊಂದಿರುತ್ತದೆ. ಪಂಪು ಅದನ್ನೇ ಮತ್ತೆ ಮತ್ತೆ ಮೇಲಕ್ಕೆ ಕಳಿಸುತ್ತದೆ. ಈ ಹಳೆಯ ಮೋಟರುಗಳಲ್ಲಿರುವ ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಆ ತೊಟ್ಟಿಗೆ ಜಾಗವೇ ಇಲ್ಲ. ಕಾರ್ಬುರೇಟರಿನಿಂದ ಹೊರಟ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣ ಮೊದಲು ಕ್ರ್ಯಾಂಕ್‌ಕೇಸಿಗೆ ಬರುತ್ತದೆ. ಪಿಸ್ಟನ್ ಕೆಳಗಿಳಿದಾಗ ಒತ್ತಡಕ್ಕೆ ಸಿಕ್ಕಿ ಸಿಲಿಂಡರಿಗೆ ಏರುತ್ತದೆ. ದಾರಿಯಲ್ಲಿ ಕ್ರ್ಯಾಂಕ್ ಶಾಫ್ಟ್, ಬೇರಿಂಗ್, ಪಿಸ್ಟನ್ ಎಲ್ಲವನ್ನೂ ಸವರಿಕೊಂಡೇ ಹೋಗಬೇಕು. ಆದ್ದರಿಂದ ಪೆಟ್ರೋಲಿನಲ್ಲೇ ಎಣ್ಣೆ ಬೆರೆಸಿಟ್ಟರೆ ಹೋಗುವ ದಾರಿಯಲ್ಲೇ ಜಿಡ್ಡು ಹಚ್ಚಿಕೊಂಡು ಹೋಗುತ್ತದೆ. ಕೊನೆಗೆ ಆ ಎಣ್ಣೆಯೂ ಉರಿದು ಹೊಗೆಯಾಗಿ ಹೊರಬೀಳುತ್ತದೆ. ಇಲ್ಲಿ ಒಮ್ಮೆ ಬಳಸಿದ ಹನಿ ಮತ್ತೆ ಬರುವುದಿಲ್ಲ. ಕ್ಯಾನಿನಲ್ಲಿ ಎಣ್ಣೆ ಹಾಕಲು ಮರೆತರೆ ಎಂಜಿನ್ನಿನೊಳಗೆ ಎಣ್ಣೆಯೇ ಇಲ್ಲ ಎಂದರ್ಥ. ಸ್ವಲ್ಪ ಹೊತ್ತಿನಲ್ಲೇ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಮೆಕ್ಯಾನಿಕ್‌ಗಳ ಮಾತಿನಲ್ಲಿ ‘ಎಂಜಿನ್ ಸೀಜ್’.

ಹತ್ತಕ್ಕೊಂದರಿಂದ ಐವತ್ತಕ್ಕೊಂದರವರೆಗೆ

ಎಷ್ಟು ಪೆಟ್ರೋಲಿಗೆ ಎಷ್ಟು ಎಣ್ಣೆ ಎಂಬುದನ್ನು ತೀರ್ಮಾನಿಸುವುದು ಪೆಟ್ರೋಲ್ ಅಲ್ಲ, ಒಳಗಿನ ಬೇರಿಂಗು. ಮೊದಲ ಕಾಲದ ಮೋಟರುಗಳಲ್ಲಿ ಕ್ರ್ಯಾಂಕ್ ಶಾಫ್ಟ್ ಕಂಚಿನ ಬುಶ್‌ಗಳಲ್ಲಿ ತಿರುಗುತ್ತಿತ್ತು. ಲೋಹಕ್ಕೆ ಲೋಹ ಉಜ್ಜದಂತೆ ಅಲ್ಲಿ ದಪ್ಪ ಎಣ್ಣೆಯ ಪದರ ಬೇಕು. ಆದ್ದರಿಂದ 16 ಪಾಲು ಪೆಟ್ರೋಲಿಗೆ 1 ಪಾಲು ಎಣ್ಣೆ. ಹಳೆಯ ಸೀಗಲ್‌ಗಳಿಗಂತೂ 10ಕ್ಕೆ 1. ಆಮೇಲೆ ಉರುಳುವ ಸೂಜಿ ಬೇರಿಂಗ್‌ಗಳು ಬಂದವು. ಉರುಳುವುದಕ್ಕೆ ಉಜ್ಜುವಷ್ಟು ಎಣ್ಣೆ ಬೇಡ. 1950ರ ದಶಕದ ಹಲವು ಎವಿನ್‌ರೂಡ್, ಜಾನ್ಸನ್‌ಗಳಿಗೆ 24ಕ್ಕೆ 1 ಸಾಕಾಯಿತು. ಎಣ್ಣೆಯೂ ಸುಧಾರಿಸಿದ ಮೇಲೆ, 1964ರಿಂದ ಇವೆರಡನ್ನೂ ತಯಾರಿಸುತ್ತಿದ್ದ ಕಂಪನಿ 50ಕ್ಕೆ 1 ಎಂದು ಹೇಳತೊಡಗಿತು.

ಹತ್ತು ಲೀಟರ್ ಪೆಟ್ರೋಲಿನ ಲೆಕ್ಕ ಹಾಕಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. 50ಕ್ಕೆ 1 ಎಂದರೆ 200 ಮಿಲಿ ಎಣ್ಣೆ, 24ಕ್ಕೆ 1 ಎಂದರೆ ಸುಮಾರು 417 ಮಿಲಿ, 16ಕ್ಕೆ 1 ಎಂದರೆ 625 ಮಿಲಿ, ಹಳೆಯ ಸೀಗಲ್‌ಗೆ ಇಡೀ ಒಂದು ಲೀಟರ್. ಇಂದಿನ ಡಬ್ಬಿಯ ಮೇಲೆ 50ಕ್ಕೆ 1 ಎಂದಿದೆ ಎಂದುಕೊಂಡು ಬುಶ್ ಇರುವ ಮೋಟರಿಗೆ ಅಷ್ಟನ್ನೇ ಹಾಕಿದವರು ಅದನ್ನು ಅರೆಹೊಟ್ಟೆಯಲ್ಲಿ ದುಡಿಸಿದಂತೆ.

ಅಳತೆಯಲ್ಲೂ ಒಂದು ಮೋಸದ ಗುಂಡಿ ಇದೆ. ಹಳೆಯ ಕೈಪಿಡಿಗಳು ‘ಗ್ಯಾಲನ್‌ಗೆ ಅರ್ಧ ಪಿಂಟ್’ ಎನ್ನುತ್ತವೆ. ಅಮೆರಿಕದ ಗ್ಯಾಲನ್ 3.785 ಲೀಟರ್, ಬ್ರಿಟನ್ನಿನದು 4.546. ಎರಡು ಕಡೆಯೂ ಗ್ಯಾಲನ್‌ಗೆ ಎಂಟೇ ಪಿಂಟ್, ಹಾಗಾಗಿ ಒಂದೇ ದೇಶದ ಅಳತೆ ಹಿಡಿದರೆ 16ಕ್ಕೆ 1 ಸರಿಯಾಗಿ ಕೂಡುತ್ತದೆ. ಬ್ರಿಟನ್ನಿನ ಗ್ಯಾಲನ್‌ಗೆ ಅಮೆರಿಕದ ಅರ್ಧ ಪಿಂಟ್ ಸುರಿದರೆ ಅದು 19ಕ್ಕೆ 1ಕ್ಕೆ ಜಾರುತ್ತದೆ. ಎಲ್ಲವನ್ನೂ ಮಿಲಿಲೀಟರಿಗೆ ಇಳಿಸಿಕೊಳ್ಳುವುದೇ ಕ್ಷೇಮ.

ಹೆಚ್ಚಾದರೂ ಕಷ್ಟ

ಎಣ್ಣೆ ಜಾಸ್ತಿಯಾದರೆ ಹೊಗೆ ದಟ್ಟವಾಗುತ್ತದೆ, ಪ್ಲಗ್ ಕಪ್ಪಾಗಿ ಒದ್ದೆಯಾಗುತ್ತದೆ, ಎಂಜಿನ್ ಕೆಮ್ಮುತ್ತದೆ. ಇನ್ನೊಂದು ಸೂಕ್ಷ್ಮವೂ ಇದೆ. ಕಾರ್ಬುರೇಟರಿನ ಜೆಟ್ಟಿನ ತೂತು ಅಷ್ಟೇ ಇರುತ್ತದೆ. ಅದರಲ್ಲಿ ಎಣ್ಣೆ ಹೆಚ್ಚು ನುಗ್ಗಿದಷ್ಟೂ ಪೆಟ್ರೋಲ್ ಕಡಿಮೆ ಹೋಗುತ್ತದೆ. ಆದ್ದರಿಂದ ಅನುಪಾತ ಬದಲಿಸಿದರೆ ಕಾರ್ಬುರೇಟರಿನ ಹೊಂದಾಣಿಕೆಯನ್ನೂ ಮತ್ತೆ ನೋಡಬೇಕು. ಪ್ಲಗ್ ಬಿಚ್ಚಿ ನೋಡಿದಾಗ ತುದಿ ತಿಳಿ ಕಂದು ಬಣ್ಣಕ್ಕಿದ್ದರೆ ಹದ ಸರಿಯಿದೆ.

ಎಣ್ಣೆಯ ಜಾತಿಯೂ ಮುಖ್ಯ. ಔಟ್‌ಬೋರ್ಡ್ ತಂಪಾಗುವುದು ನೀರಿನಿಂದ, ಬೈಕಿನ ಹಾಗೆ ಗಾಳಿಯಿಂದಲ್ಲ. ಡಬ್ಬಿಯ ಮೇಲೆ ‘ಟಿಸಿ-ಡಬ್ಲ್ಯೂ3’ ಎಂಬ ಗುರುತಿರುವ ಎಣ್ಣೆಯನ್ನು ಇದಕ್ಕೆಂದೇ ಮಾಡಿರುತ್ತಾರೆ. ಉರಿದ ಮೇಲೆ ಅದು ಬೂದಿ ಉಳಿಸುವುದಿಲ್ಲ. ಕಾರಿನ ಎಂಜಿನ್ ಆಯಿಲ್‌ನಲ್ಲಿ ಲೋಹದ ಅಂಶಗಳಿರುತ್ತವೆ. ಅವು ಪ್ಲಗ್ ಮತ್ತು ಪಿಸ್ಟನ್ ಮೇಲೆ ಕಿಟ್ಟ ಕಟ್ಟುತ್ತವೆ. ಹಳೆಯ ಮೋಟರಿಗೂ ಇಂದಿನ ಟಿಸಿ-ಡಬ್ಲ್ಯೂ3 ನಡೆಯುತ್ತದೆ, ಪ್ರಮಾಣ ಮಾತ್ರ ಹಳೆಯದೇ ಇರಬೇಕು.

ಬೆರೆಸುವ ಕ್ರಮ

ಬಯಲಿನಲ್ಲಿ, ಬೆಂಕಿಯಿಂದ ದೂರ, ಕ್ಯಾನನ್ನು ನೆಲದ ಮೇಲಿಟ್ಟು ಕೆಲಸ ಶುರು ಮಾಡಬೇಕು. ವಾಹನದೊಳಗೆ ಪ್ಲಾಸ್ಟಿಕ್ ಹಾಸಿನ ಮೇಲಿಟ್ಟು ತುಂಬಿಸಿದರೆ ಸ್ಥಿರ ವಿದ್ಯುತ್ತಿನ ಕಿಡಿ ಹಾರಬಹುದು. ಮೊದಲು ಅರ್ಧ ಪೆಟ್ರೋಲ್, ಆಮೇಲೆ ಅಳೆದ ಎಣ್ಣೆಯೆಲ್ಲ. ಮುಚ್ಚಳ ಬಿಗಿದು ಚೆನ್ನಾಗಿ ಕುಲುಕಬೇಕು. ನಂತರ ಉಳಿದ ಪೆಟ್ರೋಲ್ ಹಾಕಿ ಮತ್ತೊಮ್ಮೆ ಕುಲುಕಬೇಕು. ಖಾಲಿ ಕ್ಯಾನಿಗೆ ಎಣ್ಣೆ ಮೊದಲು ಸುರಿದರೆ ತಳಕ್ಕೆ ಅಂಟಿ ಕೂರುತ್ತದೆ. ಈ ಎಣ್ಣೆಗೆ ಸಾಮಾನ್ಯವಾಗಿ ನೀಲಿ ಅಥವಾ ಹಸಿರು ಬಣ್ಣ ಸೇರಿಸಿರುತ್ತಾರೆ. ಕ್ಯಾನಿನಲ್ಲಿರುವುದು ಬೆರೆಸಿದ್ದೋ ಬೆರೆಸದ್ದೋ ಎಂದು ಕಣ್ಣಿಗೇ ತಿಳಿಯಲಿ ಎಂದು.

ಎಥೆನಾಲ್ ಬೆರೆಸಿದ ಪೆಟ್ರೋಲ್ ಹಳೆಯ ಮೋಟರಿಗೆ ಹೊಸ ತಲೆನೋವು. ಎಥೆನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ನೀರು ಹೆಚ್ಚಾದರೆ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕಿಳಿಯುತ್ತದೆ. ಹಳೆಯ ರಬ್ಬರ್ ಕೊಳವೆಗಳು ಎಥೆನಾಲಿಗೆ ಮೆತ್ತಗಾಗುತ್ತವೆ. ಹಿಂದಿನ ಕಾರ್ಬುರೇಟರುಗಳ ತೇಲುವ ಬೆಂಡಿಗೆ ಅರಗಿನ ಲೇಪವಿರುತ್ತಿತ್ತು, ಅದೂ ಕರಗುತ್ತದೆ. ಆದ್ದರಿಂದ ಬೇಕಾದಷ್ಟೇ ಬೆರೆಸಿ ಬೇಗ ಮುಗಿಸುವುದು ಒಳ್ಳೆಯದು.

ನಮ್ಮ ಕಡಲತಡಿಯಲ್ಲಿ

ಉಪ್ಪುಂದ, ಗಂಗೊಳ್ಳಿ ಕಡೆಯ ನಾಡದೋಣಿ ಮೀನುಗಾರರಿಗೆ ಈ ಲೆಕ್ಕ ಹವ್ಯಾಸವಲ್ಲ, ಹೊಟ್ಟೆಪಾಡು. ಅವರ ಔಟ್‌ಬೋರ್ಡ್‌ಗಳಲ್ಲಿ ಬಹಳಷ್ಟು ಸೀಮೆಎಣ್ಣೆಯಲ್ಲಿ ಓಡುವಂಥವು. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಎಂಜಿನ್ ಬಿಸಿಯಾದ ಮೇಲೆ ಎಣ್ಣೆ ಬೆರೆಸಿದ ಸೀಮೆಎಣ್ಣೆಗೆ ಬದಲಿಸುತ್ತಾರೆ. ಸಬ್ಸಿಡಿ ಸೀಮೆಎಣ್ಣೆ ಸಾಲದೆ ಬರುವ ತಿಂಗಳುಗಳಲ್ಲಿ ದೋಣಿ ದಡದಲ್ಲೇ ಉಳಿಯುವುದೂ ಉಂಟು.

ಟೂ ಸ್ಟ್ರೋಕಿನ ದೋಷವನ್ನೂ ಮುಚ್ಚಿಡಬೇಕಿಲ್ಲ. ಉರಿಯದ ಪೆಟ್ರೋಲ್ ಮತ್ತು ಎಣ್ಣೆಯ ಒಂದು ಪಾಲು ಹೊಗೆಯೊಂದಿಗೆ ನೀರು ಸೇರುತ್ತದೆ. ಅಮೆರಿಕದ ಟಾಹೋ ಸರೋವರದಲ್ಲಿ 1999ರಿಂದ ಕಾರ್ಬುರೇಟರ್ ಇರುವ ಟೂ ಸ್ಟ್ರೋಕ್‌ಗಳಿಗೆ ನಿರ್ಬಂಧ ಬಂದದ್ದು ಇದೇ ಕಾರಣಕ್ಕೆ. ಕುಡಿಯುವ ನೀರಿನ ಕೆರೆಯಲ್ಲಿ ಇಂಥ ಮೋಟರು ಓಡಿಸುವ ಮಾತೇ ಬೇಡ. ಉಳಿದ ಮಿಶ್ರಣವನ್ನು ಎಲ್ಲೆಂದರಲ್ಲಿ ಚೆಲ್ಲುವುದೂ ಬೇಡ.

ಹಳೆಯ ಮೋಟರೊಂದು ಕೈಗೆ ಬಂದರೆ ಮೊದಲು ಮಾಡೆಲ್ ಸಂಖ್ಯೆ ಓದಿ, ಒಳಗಿರುವುದು ಬುಶ್ಶೋ ಸೂಜಿ ಬೇರಿಂಗೋ ತಿಳಿದುಕೊಳ್ಳಿ. ಕ್ಯಾನಿನ ಮೇಲೆ ಅನುಪಾತವನ್ನೂ ಬೆರೆಸಿದ ದಿನಾಂಕವನ್ನೂ ಬರೆದಿಡಿ. ಅನುಮಾನವಿದ್ದರೆ ಎಣ್ಣೆ ಕೊಂಚ ಹೆಚ್ಚೇ ಇರಲಿ. ಕಪ್ಪಾದ ಪ್ಲಗ್ ಬದಲಿಸಲು ಐದು ನಿಮಿಷ ಸಾಕು. ಸೀಜಾದ ಎಂಜಿನ್ನನ್ನು ಮಾಡಿದ ಕಾರ್ಖಾನೆಯೇ ಎಷ್ಟೋ ಸಲ ಈಗಿಲ್ಲ.