ಭುಜದ ನೋವಿಗೆ ಮೂಗಿಗೇಕೆ ಎಣ್ಣೆ?

ಪ್ರಶ್ನೆ: ಅಮ್ಮನಿಗೆ ಭುಜ ಬಿಗಿದು ತಲೆ ಬಾಚಲೂ ಕೈ ಎತ್ತಲಾಗುತ್ತಿಲ್ಲ. ಆಯುರ್ವೇದ ವೈದ್ಯರು ಮೂಗಿಗೆ ಎಣ್ಣೆ ಬಿಡಬೇಕೆಂದರು. ಭುಜಕ್ಕೂ ಮೂಗಿಗೂ ಏನು ಸಂಬಂಧ?

ಉತ್ತರ: ಆಯುರ್ವೇದ ಇದನ್ನು ಅವಬಾಹುಕ ಎನ್ನುತ್ತದೆ. ಹೆಗಲಲ್ಲಿ ನೆಲೆಸಿದ ವಾತ ಅಲ್ಲಿನ ಬಂಧಗಳನ್ನು ಒಣಗಿಸಿ ಸಿರೆಗಳನ್ನು ಮುದುಡಿಸುತ್ತದೆ ಎಂಬುದು ಸುಶ್ರುತನ ವಿವರಣೆ. ಒಣಗಿದ್ದಕ್ಕೆ ಜಿಡ್ಡು, ಬಿಗಿದದ್ದಕ್ಕೆ ಶಾಖ. ಚಿಕಿತ್ಸೆಯೆಲ್ಲ ಈ ತರ್ಕದ ಮೇಲೆಯೇ ನಿಂತಿದೆ. ಮೂಗನ್ನು ತಲೆಯ ಬಾಗಿಲೆಂದು ಭಾವಿಸುವ ಈ ಶಾಸ್ತ್ರದಲ್ಲಿ ಕೊರಳೆಲುಬಿನಿಂದ ಮೇಲಿನ ರೋಗಗಳಿಗೆ ನಸ್ಯವೇ, ಅಂದರೆ ಮೂಗಿಗೆ ಔಷಧಿ ಬಿಡುವ ಚಿಕಿತ್ಸೆಯೇ, ಮುಖ್ಯ. ಅವಬಾಹುಕಕ್ಕೂ ಆಯುರ್ವೇದದ ಇನ್ನೊಬ್ಬ ಆಚಾರ್ಯ ವಾಗ್ಭಟ ನಸ್ಯವನ್ನೇ ಹೇಳಿದ್ದಾನೆ, ಜೊತೆಗೆ ಊಟದ ನಂತರ ಔಷಧೀಯ ತುಪ್ಪ ಅಥವಾ ಎಣ್ಣೆಯ ಸೇವನೆ. ಆಧುನಿಕ ಅಂಗರಚನಾಶಾಸ್ತ್ರಕ್ಕೆ ಮೂಗಿನಿಂದ ಭುಜಕ್ಕೆ ಹೋಗುವ ದಾರಿ ಯಾವುದೂ ಕಂಡಿಲ್ಲ, ಅದು ಬೇರೆ ಮಾತು.

ನನಗೆ ಹೆಚ್ಚು ಒಪ್ಪಿಗೆಯಾಗುವುದು ಸೊಪ್ಪಿನ ಗಂಟಿನ ಶಾಖ. ಲಕ್ಕಿ, ಹರಳು, ಎಕ್ಕ, ಹುಣಸೆ ಎಲೆಗಳನ್ನು ಹೆಚ್ಚಿ, ತೆಂಗಿನ ತುರಿ, ನಿಂಬೆ ಹೋಳು ಸೇರಿಸಿ ಎಣ್ಣೆಯಲ್ಲಿ ಹುರಿದು ಬಟ್ಟೆಯಲ್ಲಿ ಕಟ್ಟುತ್ತಾರೆ. ಮೊದಲು ಭುಜಕ್ಕೆ ಎಣ್ಣೆ ತಿಕ್ಕಿ, ಆಮೇಲೆ ಬಿಸಿ ಗಂಟಿನಿಂದ ಒತ್ತುತ್ತಾರೆ. ಬಿಸಿಗೆ ಸ್ನಾಯು ಸಡಿಲವಾದಾಗಲೇ ಕೈಯನ್ನು ಮೆಲ್ಲಗೆ ಆಡಿಸಬೇಕು. ವ್ಯಾಯಾಮವಿಲ್ಲದ ಎಣ್ಣೆಯಿಂದ ಅರ್ಧ ಕೆಲಸವೂ ಆಗದು.

ನಸ್ಯವನ್ನು ಮನೆಯಲ್ಲಿ ಪ್ರಯೋಗಿಸಬೇಡಿ. ಎಣ್ಣೆ ಶ್ವಾಸಕೋಶಕ್ಕಿಳಿದರೆ ಅಪಾಯ. ಮಧುಮೇಹಿಗಳಲ್ಲಿ ಭುಜ ಬಿಗಿಯುವುದು ಹೆಚ್ಚು, ಆದ್ದರಿಂದ ಅಮ್ಮನ ರಕ್ತದ ಸಕ್ಕರೆ ಪರೀಕ್ಷಿಸಿ. ಭುಜದ ನೋವಿನೊಂದಿಗೆ ಎದೆ ಬಿಗಿತ, ಬೆವರು ಕಂಡರೆ ಎಣ್ಣೆಯ ಮಾತು ಬಿಟ್ಟು ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.