ಹೊಸ ಕತ್ತಾಳೆಯೋ, ಮಿಶ್ರತಳಿಯೋ?

ನಮ್ಮ ಹೊಲದ ಬೇಲೀಲಿ ಕಾಣೋ ಕತ್ತಾಳೆಯ ತವರು ಅಮೆರಿಕ ಖಂಡ. ಅಲ್ಲಿನ ಅರಿಜೋನಾ ಬೆಟ್ಟಗಳಲ್ಲಿ ಒಂದು ಕತ್ತಾಳೆ ಸಸ್ಯವಿಜ್ಞಾನಿಗಳನ್ನೇ ಯಾಮಾರಿಸಿತ್ತು!

ಹೆಸರು ಅಗಾವೆ ಅರಿಜೋನಿಕಾ. ಸಿಗೋದೇ ಅಪರೂಪ. ಹಾಗಾಗಿ 1984ರಲ್ಲಿ ಅಮೆರಿಕ ಸರ್ಕಾರ ಇದನ್ನ ಅಳಿವಿನಂಚಿನ ಪ್ರಭೇದಗಳ ಪಟ್ಟಿಗೆ ಸೇರಿಸ್ತು. ಆದ್ರೆ ಇದು ಸಿಗ್ತಿದ್ದದ್ದು ಬೇರೆ ಎರಡು ಕತ್ತಾಳೆಗಳು ಒಟ್ಟಿಗೆ ಬೆಳೆಯೋ ಜಾಗದಲ್ಲೇ.

ಒಂದು, ಕ್ರೈಸಾಂತಾ: ದೊಡ್ಡ ಗಿಡ, ಎಲೆಯಂಚಿಗೆ ಗಟ್ಟಿ ಮುಳ್ಳು, ಕವಲೊಡೆದ ಹೂಗಂಬ, ಹಳದಿ ಹೂ. ಇನ್ನೊಂದು, ಟೂಮಿಯಾನಾ ಬೆಲ್ಲಾ: ಪುಟ್ಟ ಗಿಡ, ಎಲೆಯಂಚಿನಿಂದ ಬಿಚ್ಚಿಕೊಳ್ಳೋ ಬಿಳಿ ನಾರು, ಕವಲೇ ಇಲ್ಲದ ಹೂಗಂಬ.

ಈಗ ಅರಿಜೋನಿಕಾ ನೋಡಿ. ಗಾತ್ರ ಮಧ್ಯಮ. ಹೂಗಂಬಕ್ಕೆ ಕವಲಿದೆ, ಆದ್ರೆ ಆ ಕವಲುಗಳು ಗಿಡ್ಡ. ಆ ಎರಡೂ ಕತ್ತಾಳೆಗಳ ಚಹರೆ ಇದೆ! ಇದು ಆ ಎರಡರಿಂದ ಮತ್ತೆ ಮತ್ತೆ ತಾನಾಗೇ ಹುಟ್ಟೋ ಮಿಶ್ರತಳಿ ಅಂತ ಅಧ್ಯಯನಗಳಲ್ಲಿ ಗೊತ್ತಾಯ್ತು. 2006ರಲ್ಲಿ ಪಟ್ಟಿಯಿಂದ ಹೆಸರು ತೆಗೆದ್ರು.

ಹಾಗಾಗಿ ಕಾಡು ಕತ್ತಾಳೆ ಗುರುತಿಸುವಾಗ ಮೂರು ನೋಡಿ: ಎಲೆಯಂಚು, ಹೂಗಂಬ, ಅಕ್ಕಪಕ್ಕದ ಕತ್ತಾಳೆಗಳು. ಎರಡು ಪ್ರಭೇದಗಳ ನಡುವೆ ಒಂದು ಗಿಡ ಒಂಟಿಯಾಗಿ ನಿಂತು, ಎರಡರ ಲಕ್ಷಣವನ್ನೂ ತೋರಿಸ್ತಿದ್ರೆ, ಹೊಸ ಪ್ರಭೇದ ಅನ್ನೋ ಮೊದಲು ಮಿಶ್ರತಳಿ ಇರಬಹುದಾ ಅಂತ ಪರೀಕ್ಷಿಸಿ.