ಸಂಕಲನ: ಕಣ್ಣಿಗೆ ಬೀಳದ ಕತ್ತರಿ

ಪ್ರವಾಸ ಹೊರಟ ಶಾಲೆಯೊಂದರ ಮಕ್ಕಳು ಮೊಬೈಲಿನಲ್ಲಿ ಕಿರುಚಿತ್ರ ತೆಗೆಯುತ್ತಾರೆ ಎಂದುಕೊಳ್ಳಿ. ಅರಸೀಕೆರೆ ಜಂಕ್ಷನ್‌ನಲ್ಲಿ ರೈಲಿನಿಂದ ಇಳಿಯುತ್ತಾರೆ. ಮರುಕ್ಷಣವೇ ಹಳೇಬೀಡಿನ ಹೊಯ್ಸಳೇಶ್ವರ ದೇಗುಲದ ಮುಂದಿರುತ್ತಾರೆ. ನಡುವಿನ ಬಸ್ ಪ್ರಯಾಣ ಮಾಯ! ಆದರೂ ನೋಡುಗರು ಗಲಿಬಿಲಿಗೊಳ್ಳುವುದಿಲ್ಲ. ಏಕೆ?

ಉತ್ತರದ ಒಂದು ಭಾಗ ನಮ್ಮ ಕಣ್ಣಿನಲ್ಲಿಯೇ ಇದೆ. ಕನ್ನಡಿಯ ಮುಂದೆ ನಿಂತು ನಿಮ್ಮ ಎಡಗಣ್ಣನ್ನು ದಿಟ್ಟಿಸಿ, ಥಟ್ಟನೆ ಬಲಗಣ್ಣಿನತ್ತ ನೋಟ ಹೊರಳಿಸಿ. ಕಣ್ಣು ಚಲಿಸಿದ್ದು ನಿಮಗೆ ಕಾಣದು. ಪಕ್ಕದಲ್ಲಿರುವ ಗೆಳೆಯನಿಗೆ ಚೆನ್ನಾಗಿ ಕಾಣುತ್ತದೆ. ನೋಟ ಜಿಗಿಯುವಾಗಿನ ಮಸುಕನ್ನು ಮಿದುಳು ಬಹುಮಟ್ಟಿಗೆ ಅದುಮಿಬಿಡುತ್ತದೆ. ತುಂಡು ನೋಟಗಳನ್ನು ಹೊಲಿದುಕೊಂಡೇ ಲೋಕವನ್ನು ಕಾಣುವ ಮಿದುಳಿಗೆ ಸಿನಿಮಾದ ಕತ್ತರಿ ತೀರಾ ಅಪರಿಚಿತವಲ್ಲ ಎಂಬುದು ಒಂದು ವಿವರಣೆ. ಚಲನೆಯ ನಡುವೆಯೇ ಕತ್ತರಿಸಿದರಂತೂ, ಅಂದರೆ ಹುಡುಗಿ ಚೀಲ ಎತ್ತಲು ಬಾಗುವಾಗ ಒಂದು ಷಾಟ್, ಎತ್ತಿ ನಿಲ್ಲುವಾಗ ಇನ್ನೊಂದು ಷಾಟ್ ಬಂದರೆ, ಗಮನವೆಲ್ಲ ಚಲನೆಯ ಮೇಲಿದ್ದು ಜೋಡಣೆ ಮರೆಯಾಗುತ್ತದೆ.

ದಿಕ್ಕು ತಪ್ಪಿದರೆ ಮಾತ್ರ ಮಿದುಳು ಮೋಸಹೋಗುತ್ತದೆ. ದೇಗುಲವನ್ನು ಬಲಕ್ಕಿಟ್ಟುಕೊಂಡು ಹುಡುಗನೊಬ್ಬ ಪ್ರದಕ್ಷಿಣೆ ಬರುತ್ತಿದ್ದಾನೆ. ಹೊರಗೆ ನಿಂತು, ಗೋಡೆ ಹಿನ್ನೆಲೆಯಲ್ಲಿರುವಂತೆ ತೆಗೆದರೆ ಅವನು ತೆರೆಯ ಬಲದಿಂದ ಎಡಕ್ಕೆ ನಡೆಯುತ್ತಾನೆ. ಈಗ ಗೋಡೆಗೆ ಬೆನ್ನುಕೊಟ್ಟು ತೆಗೆಯಿರಿ; ಅದೇ ಹುಡುಗ ಎಡದಿಂದ ಬಲಕ್ಕೆ ನಡೆಯುತ್ತಾನೆ. ಎರಡನ್ನೂ ಹಾಗೆಯೇ ಜೋಡಿಸಿದರೆ ಅವನು ಹಿಂದಿರುಗಿ ಅಪ್ರದಕ್ಷಿಣೆ ಹೊರಟಂತೆ ಕಾಣುತ್ತದೆ! ಅವನು ನಡೆಯುವ ದಾರಿಯನ್ನು ಒಂದು ಗೆರೆ ಎಂದು ಭಾವಿಸಿ, ಕ್ಯಾಮೆರಾ ಅದರ ಒಂದೇ ಬದಿಯಲ್ಲಿರಬೇಕು. ದಾಟಲೇಬೇಕಾದರೆ, ಅವನು ನೇರವಾಗಿ ಕ್ಯಾಮೆರಾದತ್ತ ಬರುವ ಷಾಟನ್ನೋ ಗೋಡೆಯ ಆನೆಸಾಲಿನ ಸಮೀಪದ ಷಾಟನ್ನೋ ನಡುವೆ ಇಡಿ. ಇದನ್ನು ತರಗತಿಯಲ್ಲಿ ಮೇಜಿನ ಸುತ್ತ ಮಾಡಿ ನೋಡಬಹುದು.

ಜೋಡಣೆಯಿಂದ ಅರ್ಥವೂ ಹುಟ್ಟುತ್ತದೆ. 1920ರ ಆಸುಪಾಸಿನಲ್ಲಿ ರಷ್ಯಾದ ಲೆವ್ ಕುಲೆಷೋವ್ ನಟನೊಬ್ಬನ ಒಂದೇ ಮುಖವನ್ನು ಸೂಪಿನ ಬಟ್ಟಲು, ಶವಪೆಟ್ಟಿಗೆ ಮುಂತಾದ ಚಿತ್ರಗಳೊಡನೆ ಜೋಡಿಸಿ ತೋರಿಸಿದನಂತೆ. ನೋಡುಗರು ಅದೇ ಮುಖದಲ್ಲಿ ಒಮ್ಮೆ ಹಸಿವನ್ನೂ ಒಮ್ಮೆ ದುಃಖವನ್ನೂ ಕಂಡರೆಂದು ಹೇಳುತ್ತಾರೆ. (ಆ ಫಿಲ್ಮು ಉಳಿದಿಲ್ಲ, ವರ್ಣನೆಗಳೂ ಒಂದರಂತೊಂದಿಲ್ಲ.) ಬೇರೆ ಬೇರೆ ಕಡೆ ತೆಗೆದ ಷಾಟುಗಳನ್ನು ಸೇರಿಸಿ, ಎಲ್ಲವೂ ಒಂದೇ ಸ್ಥಳವೆಂಬ ಭಾವನೆಯನ್ನೂ ಅವನು ಮೂಡಿಸಿದ.

ನಮ್ಮ ಕಿರುಚಿತ್ರಕ್ಕೆ ಅಪಾಯವಿರುವುದು ಇಲ್ಲಿಯೇ. ಹಳೇಬೀಡಿನ ಗೋಡೆಯತ್ತ ತಲೆಯೆತ್ತಿದ ಹುಡುಗಿ; ಮುಂದಿನ ಷಾಟ್ ಬೇಲೂರಿನ ದರ್ಪಣಸುಂದರಿ. ಸುಮಾರು 16 ಕಿ.ಮೀ. ದೂರದ ಶಿಲಾಬಾಲಿಕೆ ಕ್ಷಣಾರ್ಧದಲ್ಲಿ ಹಳೇಬೀಡಿಗೆ ಬಂದಳು! ಕಥಾಚಿತ್ರದಲ್ಲಿ ಇದು ಜಾಣ್ಮೆ. ಆದರೆ ಪಾಠಕ್ಕೆಂದು ತೆಗೆದ ಚಿತ್ರದಲ್ಲಿ ಇದು ಸುಳ್ಳು. ಪ್ರತಿ ಷಾಟೂ ನಿಜವಾಗಿದ್ದರೂ ಸುಳ್ಳು. 1117ರಲ್ಲಿ ವಿಷ್ಣುವರ್ಧನನ ಕಾಲದಲ್ಲಿ ಪ್ರತಿಷ್ಠೆಯಾದ, ಇಂದಿಗೂ ಪೂಜೆಯಿರುವ ಚೆನ್ನಕೇಶವ ದೇಗುಲಕ್ಕೂ ಜೋಡಿ ಶಿವಾಲಯವಾದ ಹೊಯ್ಸಳೇಶ್ವರಕ್ಕೂ ಇರುವ ವ್ಯತ್ಯಾಸ ನೋಡಿದ ಮಕ್ಕಳ ಮನಸ್ಸಿನಲ್ಲಿ ಅಳಿಸಿಹೋಗುತ್ತದೆ. ಪರಿಹಾರ ಸುಲಭ: ದರ್ಪಣಸುಂದರಿಗೆ ಮೊದಲು ಬೇಲೂರಿನ ರಾಜಗೋಪುರದ ದೂರದ ಷಾಟ್ ಎರಡು ಮೂರು ಸೆಕೆಂಡು ಇರಲಿ, ಅದರ ಮೇಲೆ ಊರಿನ ಹೆಸರೂ ಇರಲಿ.